ಗ್ರೇಡಲ್ ಆವೃತ್ತಿಗಳ ತಾಳಮೇಳ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಡನ್ನು ಕಂಪೈಲ್ ಮಾಡಿ, ಟೆಸ್ಟ್ ಮಾಡಿ, ಓಡಿಸಬಲ್ಲ ರೂಪಕ್ಕೆ ತರುವ ಕೆಲಸಕ್ಕೆ ಬಿಲ್ಡ್ ಎನ್ನುತ್ತಾರೆ, ಅದನ್ನು ಮಾಡಿಸುವ ಸಾಧನ ಗ್ರೇಡಲ್. ಅದನ್ನು ಬಳಸುವ ಜಾವಾ, ಕೋಟ್ಲಿನ್, ಆಂಡ್ರಾಯ್ಡ್ ಪ್ರಾಜೆಕ್ಟ್‌ಗಳಲ್ಲಿ ಆವೃತ್ತಿ ಹೊಂದದೆ ಬಿಲ್ಡ್ ನಿಂತುಹೋದಾಗ ನೋಡಲು ಈ ಪುಟ. ಆಜ್ಞೆ, ಫೈಲ್ ಹೆಸರು, ಎರರ್ ಸಾಲುಗಳನ್ನು ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇವೆ. ಟರ್ಮಿನಲ್‌ನಲ್ಲಿ ಮತ್ತು ಫೈಲ್‌ಗಳಲ್ಲಿ ಅವನ್ನು ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು.

## ಯಾವುದು ಯಾವುದಕ್ಕೆ ಹೊಂದಬೇಕು?

ಜೆಡಿಕೆಯ (ಜಾವಾ ಕೋಡನ್ನು ಕಂಪೈಲ್ ಮಾಡಿ ಓಡಿಸುವ ಸಾಧನಗಳ ಕಟ್ಟು) ಮೇಲೆ ಗ್ರೇಡಲ್ ಓಡುತ್ತದೆ. ಗ್ರೇಡಲ್ ಒಳಗೆ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ (ಮುಂದೆ ಎಜಿಪಿ ಎನ್ನೋಣ) ಮತ್ತು ಕೋಟ್ಲಿನ್ ಪ್ಲಗಿನ್ ಓಡುತ್ತವೆ. ಪ್ರತಿ ಗ್ರೇಡಲ್ ಆವೃತ್ತಿಗೂ ಇಷ್ಟಕ್ಕಿಂತ ಹಳೆಯ ಜೆಡಿಕೆ ಸಾಲದು, ಇಷ್ಟಕ್ಕಿಂತ ಹೊಸದು ಅರ್ಥವಾಗದು ಎಂಬ ಎರಡು ಮಿತಿಗಳಿವೆ. ಪ್ರತಿ ಎಜಿಪಿಗೂ ಕನಿಷ್ಠ ಗ್ರೇಡಲ್ ಮತ್ತು ಕನಿಷ್ಠ ಜೆಡಿಕೆ ಬೇಕು. ಇದರ ಮೇಲೆ ಆಂಡ್ರಾಯ್ಡ್ ಸ್ಟುಡಿಯೋ (ಆಂಡ್ರಾಯ್ಡ್ ಆ್ಯಪ್ ಬರೆಯುವ ತಂತ್ರಾಂಶ) ಕೂಡ ತನಗೆ ಗೊತ್ತಿರುವ ಎಜಿಪಿಗಳನ್ನು ಮಾತ್ರ ತೆರೆಯುತ್ತದೆ.

ಬಿಲ್ಡ್ ಮುರಿದಾಗ ಮೊದಲು ಕೇಳಿಕೊಳ್ಳಬೇಕಾದ್ದು ಇವುಗಳಲ್ಲಿ ಯಾವ ಎರಡರ ನಡುವೆ ಜಗಳ ಎಂದು. ಅದು ಗೊತ್ತಾಗುವ ಮೊದಲೇ ಎಲ್ಲವನ್ನೂ ಇತ್ತೀಚಿನದಕ್ಕೆ ಏರಿಸಿದರೆ ಒಂದು ಎರರ್ ಇದ್ದ ಕಡೆ ಐದು ಬರುತ್ತವೆ.

## ಕಂಪ್ಯೂಟರ್‌ನಲ್ಲಿ ಗ್ರೇಡಲ್ ಇನ್‌ಸ್ಟಾಲ್ ಮಾಡಿಕೊಳ್ಳಬೇಕೇ?

ಬೇಡ. ಪ್ರಾಜೆಕ್ಟ್‌ಗೆ ಯಾವ ಗ್ರೇಡಲ್ ಬೇಕೆಂದು ಹೇಳಬೇಕಾದದ್ದು ಪ್ರಾಜೆಕ್ಟ್ ತಾನೇ. ರ‍್ಯಾಪರ್ ಇರುವುದು ಅದಕ್ಕೆ. ರ‍್ಯಾಪರ್ ಎಂದರೆ ನಾಲ್ಕು ಫೈಲ್‌ಗಳು: ಲಿನಕ್ಸ್ ಮತ್ತು ಮ್ಯಾಕ್‌ಗೆ ಗ್ರೇಡಲ್‌ಡಬ್ಲ್ಯೂ ಎಂಬ ಸ್ಕ್ರಿಪ್ಟ್, ವಿಂಡೋಸ್‌ಗೆ ಅದೇ ಹೆಸರಿನ ಬ್ಯಾಟ್ ಫೈಲ್, ಮತ್ತೆ ಗ್ರೇಡಲ್ ಫೋಲ್ಡರ್‌ನ ಒಳಗಿನ ರ‍್ಯಾಪರ್ ಫೋಲ್ಡರ್‌ನಲ್ಲಿ ಒಂದು ಜಾರ್, ಒಂದು ಪ್ರಾಪರ್ಟೀಸ್ ಫೈಲ್. ನಾಲ್ಕನ್ನೂ ಗಿಟ್‌ಗೆ ಸೇರಿಸಿ. ಸ್ಕ್ರಿಪ್ಟ್ ಓಡಿಸಿದಾಗ ಪ್ರಾಪರ್ಟೀಸ್ ಫೈಲ್‌ನ ಡಿಸ್ಟ್ರಿಬ್ಯೂಷನ್ ಯುಆರ್‌ಎಲ್ ಸಾಲಿನಲ್ಲಿರುವ ಆವೃತ್ತಿ ಡೌನ್‌ಲೋಡ್ ಆಗಿ, ನಿಮ್ಮ ಹೋಮ್ ಫೋಲ್ಡರ್‌ನ ಡಾಟ್ ಗ್ರೇಡಲ್ ಒಳಗೆ ಕೂರುತ್ತದೆ. ಹತ್ತು ಪ್ರಾಜೆಕ್ಟ್ ಹತ್ತು ಆವೃತ್ತಿ ಬಳಸಿದರೂ ಒಂದಕ್ಕೊಂದು ತಾಗುವುದಿಲ್ಲ.

ಉಬುಂಟುವಿನಲ್ಲಿ ಆಪ್ಟ್ ಮೂಲಕ ಗ್ರೇಡಲ್ ಹಾಕಿಕೊಂಡರೆ ಸಿಗುವುದು 4.4.1. ಇವತ್ತಿನ ಯಾವ ಪ್ರಾಜೆಕ್ಟ್‌ಗೂ ಅದು ಸಾಲದು. ಮ್ಯಾಕ್‌ನಲ್ಲಿ ತಂತ್ರಾಂಶ ಇನ್‌ಸ್ಟಾಲ್ ಮಾಡಿಕೊಡುವ ಹೋಮ್‌ಬ್ರೂನಲ್ಲಿ ಉಲ್ಟಾ ತೊಂದರೆ: ಬೇರೇನನ್ನೋ ಅಪ್‌ಗ್ರೇಡ್ ಮಾಡುವಾಗ ಗ್ರೇಡಲ್ ಕೂಡ ಸದ್ದಿಲ್ಲದೆ ಮೇಲೇರಿರುತ್ತದೆ. ಎರಡಕ್ಕೂ ಮದ್ದು ಒಂದೇ. ಬರೀ ಗ್ರೇಡಲ್ ಎಂದು ಟೈಪ್ ಮಾಡುವ ಅಭ್ಯಾಸ ಬಿಟ್ಟು ಯಾವಾಗಲೂ ಗ್ರೇಡಲ್‌ಡಬ್ಲ್ಯೂ ಓಡಿಸಿ.

## ರ‍್ಯಾಪರ್‌ನ ಆವೃತ್ತಿ ಬದಲಿಸುವುದು ಹೇಗೆ?

ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಗ್ರೇಡಲ್‌ಡಬ್ಲ್ಯೂ ಬರೆದು, ರ‍್ಯಾಪರ್ ಎಂಬ ಟಾಸ್ಕ್ ಕೊಟ್ಟು, ಎರಡು ಅಡ್ಡಗೆರೆಯ ಗ್ರೇಡಲ್-ವರ್ಷನ್ ಆಯ್ಕೆಗೆ ಬೇಕಾದ ಸಂಖ್ಯೆ ಹಾಕಿ. ಇದೇ ಆಜ್ಞೆಯನ್ನು ಎರಡು ಸಲ ಓಡಿಸಬೇಕು. ಮೊದಲ ಸಲ ಓಡುವುದು ಹಳೆಯ ಗ್ರೇಡಲ್, ಅದು ಪ್ರಾಪರ್ಟೀಸ್ ಫೈಲ್‌ನ ಸಂಖ್ಯೆ ತಿದ್ದುತ್ತದೆ. ಎರಡನೆಯ ಸಲ ಹೊಸ ಗ್ರೇಡಲ್ ಓಡಿ ಜಾರ್ ಮತ್ತು ಸ್ಕ್ರಿಪ್ಟ್‌ಗಳನ್ನೂ ಹೊಸದಾಗಿಸುತ್ತದೆ. ಫೈಲ್ ತೆರೆದು ಸಂಖ್ಯೆಯನ್ನಷ್ಟೇ ತಿದ್ದಿದರೂ ಬಹುತೇಕ ಕೆಲಸ ನಡೆಯುತ್ತದೆ. ಆದರೆ ಜಾರ್ ವರ್ಷಗಟ್ಟಲೆ ಹಳೆಯದಾಗಿಯೇ ಉಳಿಯುತ್ತದೆ. ಈಗಿನ ಬಿಲ್ಡ್ ಆಗಲೇ ಮುರಿದಿದ್ದು ಆಜ್ಞೆಯೇ ಓಡದಿದ್ದರೆ ಮಾತ್ರ ಕೈಯಿಂದ ತಿದ್ದಿ, ಬಿಲ್ಡ್ ಸರಿಹೋದ ಮೇಲೆ ಆಜ್ಞೆ ಓಡಿಸಿ.

ಸಂಖ್ಯೆ ಬರೆಯುವಾಗ ಎಚ್ಚರ. 8ರ ಸರಣಿಯವರೆಗೆ ಮೊದಲ ಬಿಡುಗಡೆಗೆ ಎರಡೇ ಅಂಕಿ: 8.5 ಎಂದು ಬರೆಯಬೇಕು, 8.5.0 ಎಂದರೆ ಅಂಥ ಫೈಲ್ ಸರ್ವರ್‌ನಲ್ಲಿಲ್ಲ, 404 ಬರುತ್ತದೆ. 9ರಿಂದ ಈ ಪದ್ಧತಿ ಬದಲಾಗಿ ಮೂರೂ ಅಂಕಿ ಬರುತ್ತವೆ, ಅಂದರೆ 9.0.0.

ಬಿನ್ ಮತ್ತು ಆಲ್ ಎಂಬ ಎರಡು ಜಿಪ್‌ಗಳಲ್ಲಿ ಬಿನ್ ಸಾಕು. ಆಲ್‌ನಲ್ಲಿ ಮೂಲ ಕೋಡ್ ಮತ್ತು ದಾಖಲೆಗಳೂ ಇರುವುದರಿಂದ ಗಾತ್ರ ದೊಡ್ಡದು. ಅದೇ ಪ್ರಾಪರ್ಟೀಸ್ ಫೈಲ್‌ನಲ್ಲಿ ಜಿಪ್‌ನ ಶಾ256 ಮೊತ್ತವನ್ನೂ (ಫೈಲ್ ಬದಲಾಗಿಲ್ಲ ಎಂದು ತಾಳೆನೋಡುವ ಗುರುತು) ಬರೆದಿಡಬಹುದು. ಡೌನ್‌ಲೋಡ್ ಆದದ್ದು ಅದಕ್ಕೆ ಹೊಂದದಿದ್ದರೆ ರ‍್ಯಾಪರ್ ಅಲ್ಲೇ ನಿಲ್ಲುತ್ತದೆ. ಬರೆದಿಟ್ಟಿದ್ದರೆ ಆವೃತ್ತಿ ಬದಲಿಸುವಾಗ ಮೊತ್ತವನ್ನೂ ಬದಲಿಸಲು ಮರೆಯಬೇಡಿ.

## 'ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 65' ಎಂದು ಬರುತ್ತಿದೆ. ಅರ್ಥವೇನು?

ಗ್ರೇಡಲ್ ಹಳೆಯದು, ಜೆಡಿಕೆ ಹೊಸದು. ಆ ಸಂಖ್ಯೆಯಿಂದ 44 ಕಳೆದರೆ ಜಾವಾ ಆವೃತ್ತಿ ಸಿಗುತ್ತದೆ: 52 ಎಂದರೆ ಜಾವಾ 8, 55 ಎಂದರೆ 11, 61 ಎಂದರೆ 17, 65 ಎಂದರೆ 21.

ಗ್ರೇಡಲ್ ನಿಮ್ಮ ಬಿಲ್ಡ್ ಸ್ಕ್ರಿಪ್ಟ್‌ಗಳನ್ನೇ ಮೊದಲು ಕಂಪೈಲ್ ಮಾಡುತ್ತದೆ. ಅದಕ್ಕಾಗಿ ತನ್ನೊಳಗಿನ ಗ್ರೂವಿ ಮತ್ತು ಬೈಟ್‌ಕೋಡ್ ಓದುವ ಲೈಬ್ರರಿಗಳನ್ನು ಬಳಸುತ್ತದೆ. ಆ ಗ್ರೇಡಲ್ ಬಿಡುಗಡೆಯಾದ ಮೇಲೆ ಬಂದ ಜಾವಾದ ಕ್ಲಾಸ್ ಫೈಲ್ ರೂಪ ಅವಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ನಿಮ್ಮ ಕೋಡಿನ ಒಂದು ಸಾಲನ್ನೂ ಮುಟ್ಟುವ ಮೊದಲೇ ಬಿಲ್ಡ್ ಬೀಳುತ್ತದೆ. ನಿಮ್ಮ ಕೋಡಿನಲ್ಲಿ ಹುಡುಕಿ ಪ್ರಯೋಜನವಿಲ್ಲ.

ಯಾವ ಜಾವಾದ ಮೇಲೆ ಓಡಲು ಕನಿಷ್ಠ ಯಾವ ಗ್ರೇಡಲ್ ಬೇಕು:

| ಜಾವಾ | ಕನಿಷ್ಠ ಗ್ರೇಡಲ್ |
|---|---|
| 11 | 5.0 |
| 17 | 7.3 |
| 19 | 7.6 |
| 20 | 8.3 |
| 21 | 8.5 |
| 22 | 8.8 |
| 23 | 8.10 |
| 24 | 8.14 |
| 25 | 9.1.0 |

ಕೆಳಗಿನ ಮಿತಿಯೂ ಇದೆ. ಗ್ರೇಡಲ್ 5ರಿಂದ 8ರವರೆಗೆ ಜಾವಾ 8 ಇದ್ದರೂ ಓಡುತ್ತವೆ. 2025ರ ಜುಲೈನಲ್ಲಿ ಬಂದ 9.0.0ಕ್ಕೆ ಕನಿಷ್ಠ ಜಾವಾ 17 ಬೇಕು. ಇನ್ನೂ ಹಳೆಯ ಗ್ರೇಡಲ್‌ಗಳಲ್ಲಿ ಜೆಡಿಕೆ ಹೊಸದಾದ ತೊಂದರೆ 'ಕುಡ್ ನಾಟ್ ಡಿಟರ್ಮೈನ್ ಜಾವಾ ವರ್ಷನ್' ಎಂಬ ರೂಪದಲ್ಲಿ ಕಾಣಿಸುತ್ತದೆ. ಕಾರಣ ಅದೇ.

## ಏನನ್ನೂ ಮುಟ್ಟಿಲ್ಲ, ಆಂಡ್ರಾಯ್ಡ್ ಸ್ಟುಡಿಯೋ ಅಪ್‌ಡೇಟ್ ಮಾಡಿದೆವು ಅಷ್ಟೇ. ಆದರೂ ಇದೇ ಎರರ್.

ಸ್ಟುಡಿಯೋ ತನ್ನದೇ ಜೆಡಿಕೆಯನ್ನು ಜೊತೆಗೆ ತರುತ್ತದೆ. 2024ರ ಲೇಡಿಬಗ್ ಆವೃತ್ತಿಯಲ್ಲಿ ಅದು 17ರಿಂದ 21ಕ್ಕೆ ಏರಿತು. 8.5ಕ್ಕಿಂತ ಹಳೆಯ ಗ್ರೇಡಲ್ ಇದ್ದ ಪ್ರಾಜೆಕ್ಟ್‌ಗಳು ಆಗ ಸಾಲಾಗಿ ನಿಂತುಹೋದವು. ಆ್ಯಪ್ ಕಟ್ಟುವ ಇನ್ನೊಂದು ಸಾಧನವಾದ ಫ್ಲಟರ್ ಕೂಡ ಸಾಮಾನ್ಯವಾಗಿ ಸ್ಟುಡಿಯೋದ ಜೆಡಿಕೆಯನ್ನೇ ಬಳಸುವುದರಿಂದ ಅದನ್ನು ಬಳಸುವವರಿಗೂ ಬಿಸಿ ತಟ್ಟಿತು.

ತಕ್ಷಣಕ್ಕೆ ಬೇಕಿದ್ದರೆ ಸ್ಟುಡಿಯೋದ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ಟೂಲ್ಸ್, ಅದರೊಳಗೆ ಗ್ರೇಡಲ್, ಅಲ್ಲಿ ಗ್ರೇಡಲ್ ಜೆಡಿಕೆ ಎಂಬ ಪಟ್ಟಿಯಿಂದ 17 ಆರಿಸಿ. ಫ್ಲಟರ್‌ಗೆ ಬೇರೆಯಾಗಿ ಹೇಳಬೇಕು: ಫ್ಲಟರ್ ಕಾನ್ಫಿಗ್ ಆಜ್ಞೆಯ ಜೆಡಿಕೆ-ಡಿರ್ ಆಯ್ಕೆಗೆ 17ರ ಫೋಲ್ಡರ್ ಕೊಡಿ, ಆಮೇಲೆ ಫ್ಲಟರ್ ಡಾಕ್ಟರ್ ಆಜ್ಞೆಗೆ ವಿ ಆಯ್ಕೆ ಸೇರಿಸಿ ಯಾವ ಜಾವಾ ಹಿಡಿದಿದೆ ನೋಡಿ. ಶಾಶ್ವತ ಪರಿಹಾರ ಗ್ರೇಡಲ್ ಅನ್ನು 8.5 ಅಥವಾ ಮೇಲಕ್ಕೆ ಒಯ್ಯುವುದು. ಜೊತೆಗೆ ಎಜಿಪಿಯೂ 8.2.1 ಅಥವಾ ಅದಕ್ಕಿಂತ ಮೇಲಿರಲಿ. ಇಲ್ಲದಿದ್ದರೆ ಜೆಡಿಕೆ 21ರಲ್ಲಿ ಜೆಲಿಂಕ್ ಹೆಸರಿನ ಇನ್ನೊಂದು ಎರರ್ ಕಾದಿರುತ್ತದೆ.

## ಜಾವಾ ಹೋಮ್ ಬದಲಿಸಿದರೂ ಗ್ರೇಡಲ್ ಹಳೆಯ ಜಾವಾವನ್ನೇ ಹಿಡಿಯುತ್ತಿದೆ. ಯಾಕೆ?

ಜಾವಾ ಹೋಮ್ ಎಂದರೆ ಯಾವ ಜೆಡಿಕೆ ಬಳಸಬೇಕೆಂದು ಹೇಳುವ ಸಿಸ್ಟಮ್ ಸೆಟ್ಟಿಂಗ್. ಆದರೆ ಗ್ರೇಡಲ್ ಪ್ರಾಪರ್ಟೀಸ್ ಫೈಲ್‌ನಲ್ಲಿ ಆರ್ಗ್ ಡಾಟ್ ಗ್ರೇಡಲ್ ಡಾಟ್ ಜಾವಾ ಡಾಟ್ ಹೋಮ್ ಎಂಬ ಸಾಲಿದ್ದರೆ ಅದರ ಮಾತೇ ನಡೆಯುತ್ತದೆ. ಈ ಫೈಲ್ ಪ್ರಾಜೆಕ್ಟ್‌ನಲ್ಲೂ ಇರಬಹುದು, ನಿಮ್ಮ ಹೋಮ್ ಫೋಲ್ಡರ್‌ನ ಡಾಟ್ ಗ್ರೇಡಲ್‌ನಲ್ಲೂ ಇರಬಹುದು. ಎರಡರಲ್ಲೂ ಇದ್ದರೆ ಹೋಮ್ ಫೋಲ್ಡರ್‌ನದು ಗೆಲ್ಲುತ್ತದೆ. ಯಾವತ್ತೋ ಹಾಕಿ ಮರೆತ ಸಾಲು ಅಲ್ಲೇ ಕೂತಿರುತ್ತದೆ, ಮೊದಲು ಅಲ್ಲಿ ನೋಡಿ. ಪ್ರಾಜೆಕ್ಟ್‌ನ ಫೈಲ್‌ನಲ್ಲಿ ಈ ಸಾಲು ಹಾಕಿ ಗಿಟ್‌ಗೆ ಕಳಿಸುವುದಂತೂ ಬೇಡವೇ ಬೇಡ. ನಿಮ್ಮ ಯಂತ್ರದ ಪಾತ್ ಇನ್ನೊಬ್ಬರ ಯಂತ್ರದಲ್ಲಿ ಇರುವುದಿಲ್ಲ.

ಸ್ಟುಡಿಯೋದ ಗ್ರೇಡಲ್ ಜೆಡಿಕೆ ಒಂದು, ಟರ್ಮಿನಲ್‌ನ ಜಾವಾ ಹೋಮ್ ಇನ್ನೊಂದು ಆಗಿರುವುದೂ ಸಾಮಾನ್ಯ. ಸ್ಟುಡಿಯೋದಲ್ಲಿ ಬಿಲ್ಡ್ ಆಗುತ್ತದೆ, ಟರ್ಮಿನಲ್‌ನಲ್ಲಿ ಆಗುವುದಿಲ್ಲ ಎಂಬ ದೂರಿನ ಮೂಲ ಬಹುಪಾಲು ಇದೇ. ಗ್ರೇಡಲ್‌ಡಬ್ಲ್ಯೂಗೆ ವರ್ಷನ್ ಆಯ್ಕೆ ಕೊಟ್ಟು ಓಡಿಸಿ, ಜೆವಿಎಂ ಎಂದಿರುವ ಸಾಲು ಓದಿ. ಅನುಮಾನ ಅಲ್ಲೇ ಬಗೆಹರಿಯುತ್ತದೆ.

## ನಮ್ಮ ಕೋಡ್ ಜಾವಾ 8ರಲ್ಲೇ ಓಡಬೇಕು. ಆದರೆ ಗ್ರೇಡಲ್ 9 ಜಾವಾ 17 ಕೇಳುತ್ತದೆ. ಈಗ?

ಗ್ರೇಡಲ್ ಓಡುವ ಜೆಡಿಕೆ ಬೇರೆ, ನಿಮ್ಮ ಕೋಡ್ ಕಂಪೈಲ್ ಮಾಡುವ ಜೆಡಿಕೆ ಬೇರೆ ಆಗಿರಬಹುದು. ಇದಕ್ಕೆ ಟೂಲ್‌ಚೈನ್ ಎನ್ನುತ್ತಾರೆ, ಗ್ರೇಡಲ್ 6.7ರಿಂದ ಇದೆ. ಬಿಲ್ಡ್ ಫೈಲ್‌ನ ಜಾವಾ ಬ್ಲಾಕ್‌ನಲ್ಲಿ ಟೂಲ್‌ಚೈನ್ ಬ್ಲಾಕ್ ತೆರೆದು ಭಾಷೆಯ ಆವೃತ್ತಿ 8 ಎಂದು ಬರೆದರೆ ಸಾಕು. ಗ್ರೇಡಲ್ 17ರ ಮೇಲೆ ಓಡುತ್ತಾ, ಕಂಪೈಲ್ ಮತ್ತು ಟೆಸ್ಟ್‌ಗಳನ್ನು 8ರಲ್ಲಿ ಮಾಡಿಸುತ್ತದೆ.

ಆ ಜೆಡಿಕೆ ಯಂತ್ರದಲ್ಲಿ ಇಲ್ಲದಿದ್ದರೆ ಗ್ರೇಡಲ್ ತಾನೇ ಇಳಿಸಿಕೊಳ್ಳಬಹುದು. ಆದರೆ ಗ್ರೇಡಲ್ 8ರಿಂದ ಅದಕ್ಕೆ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಫೂಜೇ ರಿಸಾಲ್ವರ್‌ನಂಥ ಪ್ಲಗಿನ್ ಸೇರಿಸಬೇಕು. ಗ್ರೇಡಲ್ 9ಕ್ಕೆ ಹೋಗುವಾಗ ಫೂಜೇಯನ್ನು 1.0.0 ಅಥವಾ ಮೇಲಕ್ಕೆ ಏರಿಸಿ. ಹಳೆಯದು ಐಬಿಎಂ ಸೆಮೆರು ಎಂಬ ಹೆಸರು ಸಿಗಲಿಲ್ಲ ಎಂದು ನಿಲ್ಲುತ್ತದೆ. ಆ ಎರರ್ ನೋಡಿದರೆ ಫೂಜೇಯದು ಎಂದು ಯಾರಿಗೂ ಹೊಳೆಯುವುದಿಲ್ಲ, ಅದಕ್ಕೇ ಇಲ್ಲಿ ಹೇಳಿದ್ದೇವೆ.

## ಜೆಡಿಕೆ 17ರಲ್ಲಿ 'ಡಸ್ ನಾಟ್ ಓಪನ್ಸ್ ... ಟು ಅನ್‌ನೇಮ್ಡ್ ಮಾಡ್ಯೂಲ್' ಬರುತ್ತದೆ.

ಜಾವಾದ ಒಳಭಾಗಗಳಿಗೆ ರಿಫ್ಲೆಕ್ಷನ್ (ಓಡುವಾಗ ಕ್ಲಾಸ್‌ಗಳ ಒಳಗೆ ಇಣುಕುವ ವಿಧಾನ) ಮೂಲಕ ಕೈಹಾಕುವುದನ್ನು ಜೆಡಿಕೆ 16ರಿಂದ ಸಹಜ ಸ್ಥಿತಿಯಲ್ಲೇ ತಡೆದಿದ್ದಾರೆ. 17ರಲ್ಲಿ ಅದನ್ನು ಒಟ್ಟಾಗಿ ಸಡಿಲಿಸುವ ಆಯ್ಕೆಯೂ ಹೋಯಿತು. ಹಳೆಯ ಲಾಂಬಾಕ್, ಹಳೆಯ ಕ್ಯಾಪ್ಟ್ (ಇವೆರಡೂ ಕಂಪೈಲ್ ಆಗುವಾಗ ಕೋಡ್ ಸೇರಿಸುವ ಸಾಧನಗಳು), ಹಳೆಯ ಎಜಿಪಿ ಹೀಗೆ ಕೈಹಾಕುತ್ತಿದ್ದವು. ಅವನ್ನು ಹೊಸದಾಗಿಸುವುದೇ ನಿಜವಾದ ಪರಿಹಾರ. ಅಲ್ಲಿಯತನಕ ಆರ್ಗ್ ಡಾಟ್ ಗ್ರೇಡಲ್ ಡಾಟ್ ಜೆವಿಎಂಆರ್ಗ್ಸ್ ಸಾಲಿನಲ್ಲಿ ಆಡ್-ಓಪನ್ಸ್ ಆಯ್ಕೆ ಸೇರಿಸಿ, ಎರರ್ ಹೆಸರಿಸಿದ ಪ್ಯಾಕೇಜ್ ಒಂದನ್ನೇ ತೆರೆಯಿರಿ.

## ಯಾವ ಎಜಿಪಿಗೆ ಯಾವ ಗ್ರೇಡಲ್?

| ಎಜಿಪಿ | ಕನಿಷ್ಠ ಗ್ರೇಡಲ್ | ಕನಿಷ್ಠ ಜೆಡಿಕೆ |
|---|---|---|
| 4.1 | 6.5 | 8 |
| 4.2 | 6.7.1 | 8 |
| 7.0 | 7.0 | 11 |
| 7.2 | 7.3.3 | 11 |
| 7.4 | 7.5 | 11 |
| 8.0 | 8.0 | 17 |
| 8.2 | 8.2 | 17 |
| 8.4 | 8.6 | 17 |
| 8.7 | 8.9 | 17 |
| 8.9 | 8.11.1 | 17 |

4.2 ಆದ ಮೇಲೆ ನೇರ 7.0 ಬಂದಿರುವುದು ಗ್ರೇಡಲ್‌ನ ದೊಡ್ಡ ಸಂಖ್ಯೆಯ ಜೊತೆ ಹೆಜ್ಜೆ ಹಾಕಲು. 5, 6 ಎಂಬ ಎಜಿಪಿಗಳನ್ನು ಹುಡುಕಬೇಡಿ, ಅವು ಇಲ್ಲ. ದೊಡ್ಡ ಸಂಖ್ಯೆ ಒಂದೇ ಇದ್ದರೂ ಉಳಿದ ಅಂಕಿಗಳು ಒಂದೇ ಅಲ್ಲ ಎಂಬುದನ್ನು ಪಟ್ಟಿಯಲ್ಲಿ ಗಮನಿಸಿ.

## ಎಜಿಪಿ 8ಕ್ಕೆ ಏರಿಸಿದೆವು. 'ನೇಮ್‌ಸ್ಪೇಸ್ ನಾಟ್ ಸ್ಪೆಸಿಫೈಡ್' ಎನ್ನುತ್ತದೆ.

8.0ರಿಂದ ಪ್ರತಿ ಮಾಡ್ಯೂಲ್‌ನ ಬಿಲ್ಡ್ ಫೈಲ್‌ನ ಆಂಡ್ರಾಯ್ಡ್ ಬ್ಲಾಕ್‌ನಲ್ಲಿ ನೇಮ್‌ಸ್ಪೇಸ್ ಬರೆಯಲೇಬೇಕು. ಮ್ಯಾನಿಫೆಸ್ಟ್‌ನ ಪ್ಯಾಕೇಜ್ ಎಂಬಲ್ಲಿ ಇರುವ ಹೆಸರನ್ನೇ ಇಲ್ಲಿಗೆ ತಂದು, ಅಲ್ಲಿಂದ ತೆಗೆಯಿರಿ. ನಿಮ್ಮ ಮಾಡ್ಯೂಲ್ ಅಲ್ಲದೆ ಫ್ಲಟರ್ ಅಥವಾ ರಿಯಾಕ್ಟ್ ನೇಟಿವ್‌ನ ಯಾವುದೋ ಪ್ಲಗಿನ್ ಹೆಸರು ಎರರ್‌ನಲ್ಲಿ ಬಂದರೆ ಆ ಪ್ಲಗಿನ್‌ನ ಹೊಸ ಆವೃತ್ತಿ ಹಾಕಿ. ಹೊಸದು ಬಂದೇ ಇಲ್ಲ ಎಂದರೆ ಆ ಪ್ಲಗಿನ್‌ನ ಪೋಷಣೆ ನಿಂತಿರಬಹುದು, ಬದಲಿ ಹುಡುಕುವುದು ಒಳ್ಳೆಯದು.

ಇದೇ 8.0ರಲ್ಲಿ ಬಿಲ್ಡ್‌ಕಾನ್ಫಿಗ್ ಕ್ಲಾಸ್ ತಾನಾಗಿ ತಯಾರಾಗುವುದು ನಿಂತಿತು. ಬೇಕಿದ್ದರೆ ಬಿಲ್ಡ್ ಫೀಚರ್ಸ್ ಬ್ಲಾಕ್‌ನಲ್ಲಿ ಅದನ್ನು ಟ್ರೂ ಮಾಡಿ. ರಿಲೀಸ್ ಬಿಲ್ಡ್‌ನಲ್ಲಿ ಬಳಕೆಯಾಗದ ಕೋಡ್ ಕತ್ತರಿಸುವ ಆರ್8 ಕೂಡ ಪೂರ್ಣ ಬಿಗಿಯಲ್ಲಿ ಓಡತೊಡಗಿತು. ಡೀಬಗ್ ಬಿಲ್ಡ್ ಚೆನ್ನಾಗಿದ್ದು ರಿಲೀಸ್ ಬಿಲ್ಡ್ ಮಾತ್ರ ಫೋನಿನಲ್ಲಿ ಕ್ರ್ಯಾಶ್ ಆದರೆ ಮೊದಲ ಅನುಮಾನ ಅದರ ಮೇಲಿರಲಿ. ಯಾವ ಕೋಡ್ ಕತ್ತರಿಸಬಾರದು ಎಂದು ಹೇಳುವ ಕೀಪ್ ನಿಯಮಗಳನ್ನು ಪರಿಶೀಲಿಸಿ.

## ಕೋಟ್ಲಿನ್ ಕಡೆಯಿಂದ ಬರುವ ತಕರಾರುಗಳು ಯಾವುವು?

ಮುಖ್ಯವಾಗಿ ಎರಡು. 'ಇನ್‌ಕನ್ಸಿಸ್ಟೆಂಟ್ ಜೆವಿಎಂ-ಟಾರ್ಗೆಟ್' ಎಂದರೆ ಒಂದೇ ಮಾಡ್ಯೂಲ್‌ನಲ್ಲಿ ಜಾವಾ ಕೋಡ್ 1.8ಕ್ಕೆ, ಕೋಟ್ಲಿನ್ ಕೋಡ್ 17ಕ್ಕೆ ಕಂಪೈಲ್ ಆಗುತ್ತಿದೆ ಎಂದು. ಮೊದಲು ಇದು ಬರೀ ಎಚ್ಚರಿಕೆಯಾಗಿತ್ತು. ಕೋಟ್ಲಿನ್ 1.8 ಮತ್ತು ಗ್ರೇಡಲ್ 8 ಸೇರಿದಾಗಿನಿಂದ ಬಿಲ್ಡ್ ನಿಲ್ಲಿಸುತ್ತದೆ. ಕಂಪೈಲ್ ಆಪ್ಷನ್ಸ್‌ನ ಎರಡು ಸಾಲು ಮತ್ತು ಕೋಟ್ಲಿನ್‌ನ ಜೆವಿಎಂ ಟಾರ್ಗೆಟ್ ಮೂರಕ್ಕೂ ಒಂದೇ ಸಂಖ್ಯೆ ಕೊಡಿ.

ಎರಡನೆಯದು 'ಕಂಪೈಲ್ಡ್ ವಿತ್ ಆ್ಯನ್ ಇನ್‌ಕಂಪ್ಯಾಟಿಬಲ್ ವರ್ಷನ್ ಆಫ್ ಕೋಟ್ಲಿನ್'. ಕೋಟ್ಲಿನ್ ಕಂಪೈಲರ್ ತನಗಿಂತ ಒಂದು ಹೆಜ್ಜೆ ಮುಂದಿನ ಆವೃತ್ತಿಯಲ್ಲಿ ತಯಾರಾದ ಲೈಬ್ರರಿಯನ್ನು ಓದಬಲ್ಲದು, ಎರಡು ಹೆಜ್ಜೆ ಮುಂದಿನದನ್ನಲ್ಲ. 1.7ರ ಪ್ರಾಜೆಕ್ಟ್‌ಗೆ 1.9ರಲ್ಲಿ ಮಾಡಿದ ಲೈಬ್ರರಿ ಬಂದರೆ ಈ ಎರರ್ ಖಚಿತ. ಅದನ್ನು ಯಾರು ಎಳೆತಂದರು ಎಂದು ಡಿಪೆಂಡೆನ್ಸಿ ಇನ್‌ಸೈಟ್ ಟಾಸ್ಕ್‌ಗೆ ಕೋಟ್ಲಿನ್-ಎಸ್‌ಟಿಡಿಲಿಬ್ ಹೆಸರು ಕೊಟ್ಟು ಕೇಳಿ. ಆಮೇಲೆ ಆ ಲೈಬ್ರರಿಯನ್ನು ಇಳಿಸಿ, ಇಲ್ಲವೇ ಕೋಟ್ಲಿನ್ ಏರಿಸಿ.

ಕಂಪೋಸ್ (ಆ್ಯಪ್‌ನ ಪರದೆಗಳನ್ನು ಕೋಟ್ಲಿನ್‌ನಲ್ಲೇ ಬರೆಯುವ ಸಾಧನ) ಬಳಸುವವರಿಗೆ: ಕೋಟ್ಲಿನ್ 2.0ಕ್ಕಿಂತ ಮೊದಲು ಪ್ರತಿ ಕಂಪೋಸ್ ಕಂಪೈಲರ್‌ಗೂ ಒಂದೊಂದು ನಿರ್ದಿಷ್ಟ ಕೋಟ್ಲಿನ್ ಆವೃತ್ತಿ ಗಂಟುಬಿದ್ದಿತ್ತು. 2.0ರಿಂದ ಕಂಪೋಸ್ ಕಂಪೈಲರ್ ಪ್ಲಗಿನ್ ಕೋಟ್ಲಿನ್ ಜೊತೆಗೇ ಅದೇ ಸಂಖ್ಯೆಯಲ್ಲಿ ಬರುತ್ತದೆ. ಇದೊಂದೇ ಕಾರಣಕ್ಕೆ 2.0ಕ್ಕೆ ಹೋದರೂ ತಪ್ಪಿಲ್ಲ.

## ಗ್ರೇಡಲ್ 5 ಅಥವಾ 6ರಲ್ಲಿ ನಿಂತ ಪ್ರಾಜೆಕ್ಟನ್ನು ಹೊಸದಕ್ಕೆ ತರುವುದು ಹೇಗೆ?

ಒಂದೇ ನೆಗೆತಕ್ಕೆ ತರಬೇಡಿ. ಗ್ರೇಡಲ್ ಒಂದು ಸೌಲಭ್ಯವನ್ನು ತೆಗೆಯುವ ಮೊದಲು ಹಿಂದಿನ ಸರಣಿಯಲ್ಲಿ ಎಚ್ಚರಿಸುತ್ತದೆ, ಬದಲಿ ಏನೆಂದೂ ಹೇಳುತ್ತದೆ. ನಡುವಿನ ಸರಣಿ ಹಾರಿದರೆ ಆ ಎಚ್ಚರಿಕೆ ನಿಮಗೆ ಸಿಗುವುದೇ ಇಲ್ಲ, ಸೌಲಭ್ಯ ಹೋಗಿದೆ ಎಂಬುದು ಮಾತ್ರ ಎರರ್ ಆಗಿ ಬರುತ್ತದೆ. ಆದ್ದರಿಂದ ಪ್ರತಿ ಸರಣಿಯ ಕೊನೆಯ ಬಿಡುಗಡೆಯಲ್ಲಿ ತಂಗುತ್ತಾ ಬನ್ನಿ: 5.6.4, 6.9.4, 7.6ರ ಸರಣಿ, ಆಮೇಲೆ 8.14ರ ಸರಣಿ, ಕೊನೆಗೆ 9.

ಪ್ರತಿ ನಿಲ್ದಾಣದಲ್ಲೂ ಮಾಡಬೇಕಾದ್ದು: ಮೊದಲು ಈಗಿನ ಆವೃತ್ತಿಯಲ್ಲಿ ಕ್ಲೀನ್ ಮಾಡಿ ಬಿಲ್ಡ್ ಮತ್ತು ಟೆಸ್ಟ್ ಪೂರ್ತಿ ಹಸಿರಾಗಿವೆಯೇ ನೋಡಿ. ವಾರ್ನಿಂಗ್-ಮೋಡ್ ಆಯ್ಕೆಗೆ ಆಲ್ ಕೊಟ್ಟು ಮತ್ತೆ ಓಡಿಸಿ, 'ಡೆಪ್ರಿಕೇಟೆಡ್' ಎಂದ ಪ್ರತಿಯೊಂದನ್ನೂ ಸರಿಪಡಿಸಿ. ಎಚ್ಚರಿಕೆ ನಿಮ್ಮ ಫೈಲ್‌ನಿಂದಲ್ಲದೆ ಯಾವುದಾದರೂ ಪ್ಲಗಿನ್‌ನಿಂದ ಬಂದಿದ್ದರೆ ಆ ಪ್ಲಗಿನ್ ಏರಿಸಿ. ಕಮಿಟ್ ಮಾಡಿ. ಆಮೇಲೆ ಗ್ರೇಡಲ್ ಏರಿಸಿ, ಅದೂ ಬೇರೆಯೇ ಕಮಿಟ್. ನಂತರ ಎಜಿಪಿ, ನಂತರ ಜೆಡಿಕೆ. ಒಂದು ಕಮಿಟ್‌ಗೆ ಒಂದೇ ಬದಲಾವಣೆ ಇದ್ದರೆ ಯಾವುದು ಮುರಿಯಿತು ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ.

ಹೆಚ್ಚು ಕೆಲಸ ಹಿಡಿಸುವುದು 6ರಿಂದ 7ಕ್ಕೆ. 2021ರ ಏಪ್ರಿಲ್‌ನಲ್ಲಿ ಬಂದ 7.0 ಡಿಪೆಂಡೆನ್ಸಿಗಳ ಹಳೆಯ ಕಂಪೈಲ್, ಟೆಸ್ಟ್‌ಕಂಪೈಲ್ ಪದಗಳನ್ನು ತೆಗೆದುಹಾಕಿತು. 'ಕುಡ್ ನಾಟ್ ಫೈಂಡ್ ಮೆಥಡ್ ಕಂಪೈಲ್' ಎಂದು ಕಂಡರೆ ಅದೇ. ಇಂಪ್ಲಿಮೆಂಟೇಷನ್, ಟೆಸ್ಟ್‌ಇಂಪ್ಲಿಮೆಂಟೇಷನ್ ಎಂದು ಬದಲಿಸಿ. ಲೈಬ್ರರಿ ಮಾಡ್ಯೂಲ್‌ನಲ್ಲಿ ಮಾತ್ರ ಯೋಚಿಸಿ: ಅದರ ಸಾರ್ವಜನಿಕ ಫಂಕ್ಷನ್‌ಗಳಲ್ಲಿ ಇನ್ನೊಂದು ಲೈಬ್ರರಿಯ ಟೈಪ್ ಕಾಣಿಸಿಕೊಂಡರೆ ಅಲ್ಲಿ ಇಂಪ್ಲಿಮೆಂಟೇಷನ್ ಅಲ್ಲ, ಎಪಿಐ ಬೇಕು. ಕಣ್ಣುಮುಚ್ಚಿ ಎಲ್ಲ ಕಡೆ ಹುಡುಕಿ-ಬದಲಿಸಿದರೆ ಬೇರೆ ಮಾಡ್ಯೂಲ್‌ಗಳು ಕಂಪೈಲ್ ಆಗುವುದಿಲ್ಲ. ಹಳೆಯ ಮೇವನ್ ಪ್ಲಗಿನ್ ಕೂಡ 7ರಲ್ಲಿ ಹೋಯಿತು, ಬದಲಿಗೆ ಮೇವನ್-ಪಬ್ಲಿಷ್.

8ರಿಂದ 9ಕ್ಕೆ ಹೋಗುವಾಗ ಜೆಡಿಕೆ 17ರ ಜೊತೆಗೆ ಕೋಟ್ಲಿನ್ ಪ್ಲಗಿನ್ ಕನಿಷ್ಠ 2.0, ಎಜಿಪಿ ಕನಿಷ್ಠ 8.4 ಇರಬೇಕು.

## ಎರಡು ಮೂರು ಪ್ರಾಜೆಕ್ಟ್ ತೆರೆದರೆ ಲ್ಯಾಪ್‌ಟಾಪ್ ತೆವಳುತ್ತದೆ. ಇದಕ್ಕೂ ಆವೃತ್ತಿಗೂ ಸಂಬಂಧವಿದೆಯೇ?

ಇದೆ. ಗ್ರೇಡಲ್ ಹಿನ್ನೆಲೆಯಲ್ಲಿ ಡೀಮನ್ ಎಂಬ ಪ್ರಕ್ರಿಯೆಯನ್ನು ಜೀವಂತ ಇಟ್ಟಿರುತ್ತದೆ. ಗ್ರೇಡಲ್ ಆವೃತ್ತಿ, ಜೆಡಿಕೆ, ಜೆವಿಎಂ ಆಯ್ಕೆಗಳು ಇವುಗಳಲ್ಲಿ ಒಂದು ಬೇರೆಯಾದರೂ ಹೊಸ ಡೀಮನ್ ಹುಟ್ಟುತ್ತದೆ, ಹಳೆಯದು ಕೆಲಸವಿಲ್ಲದೆ 3 ಗಂಟೆ ಕಾದ ಮೇಲೆ ಸಾಯುತ್ತದೆ. ಒಂದೊಂದಕ್ಕೂ 4 ಜಿಬಿ ಬರೆದಿದ್ದರೆ 8 ಜಿಬಿಯ ಲ್ಯಾಪ್‌ಟಾಪ್‌ಗೆ ಎರಡೇ ಸಾಕು ಉಸಿರುಕಟ್ಟಲು. ಸ್ಟಾಪ್ ಆಯ್ಕೆ ಕೊಟ್ಟರೆ ಆ ಪ್ರಾಜೆಕ್ಟ್‌ನ ಆವೃತ್ತಿಯ ಡೀಮನ್‌ಗಳು ಮಾತ್ರ ನಿಲ್ಲುತ್ತವೆ, ಆದ್ದರಿಂದ ಪ್ರತಿ ಪ್ರಾಜೆಕ್ಟ್ ಫೋಲ್ಡರ್‌ನಲ್ಲೂ ಓಡಿಸಬೇಕು. ಸ್ಟುಡಿಯೋ ಮತ್ತು ಟರ್ಮಿನಲ್ ಎರಡಕ್ಕೂ ಒಂದೇ ಜೆಡಿಕೆ ಕೊಟ್ಟರೆ ಒಂದು ಡೀಮನ್ ಉಳಿತಾಯ.

## ರ‍್ಯಾಪರ್ ಡೌನ್‌ಲೋಡ್ ಅರ್ಧಕ್ಕೇ ನಿಲ್ಲುತ್ತದೆ, ಆಮೇಲೆ ಜಿಪ್ ಎರರ್ ಬರುತ್ತದೆ.

ಜಿಪ್ ನೂರು ಎಂಬಿಗಿಂತ ದೊಡ್ಡದು. ನೆಟ್ ಕಡಿದರೆ ಮುರುಕು ಫೈಲ್ ಉಳಿದಿರುತ್ತದೆ. ಡಾಟ್ ಗ್ರೇಡಲ್, ರ‍್ಯಾಪರ್, ಡಿಸ್ಟ್ಸ್ ಫೋಲ್ಡರ್‌ಗಳ ಒಳಹೋಗಿ ಆ ಆವೃತ್ತಿಯ ಹೆಸರಿನ ಫೋಲ್ಡರ್ ಒಂದನ್ನೇ ಅಳಿಸಿ ಮತ್ತೆ ಓಡಿಸಿ. ಇಡೀ ಡಾಟ್ ಗ್ರೇಡಲ್ ಅಳಿಸಿದರೆ ಎಲ್ಲ ಪ್ರಾಜೆಕ್ಟ್‌ಗಳ ಎಲ್ಲ ಲೈಬ್ರರಿಗಳನ್ನೂ ಮತ್ತೆ ಇಳಿಸಿಕೊಳ್ಳಬೇಕಾಗುತ್ತದೆ. ನೆಟ್ ನಿಧಾನವಿದ್ದರೆ ರ‍್ಯಾಪರ್‌ನ ಪ್ರಾಪರ್ಟೀಸ್ ಫೈಲ್‌ನಲ್ಲಿ ನೆಟ್‌ವರ್ಕ್ ಟೈಮ್‌ಔಟ್ 10000 ಮಿಲಿಸೆಕೆಂಡ್ ಇರುವುದನ್ನು 60000 ಮಾಡಿ.

ಕಾಲೇಜು ಲ್ಯಾಬ್‌ನಂಥ ಕಡೆ ಜಿಪ್ ಅನ್ನು ಒಳಗಿನ ಸರ್ವರ್‌ನಲ್ಲಿ ಒಮ್ಮೆ ಇಟ್ಟು, ಡಿಸ್ಟ್ರಿಬ್ಯೂಷನ್ ಯುಆರ್‌ಎಲ್‌ಗೆ ಆ ವಿಳಾಸ ಕೊಡಬಹುದು. ಅಲ್ಲಿ ಶಾ256 ಸಾಲು ಕಡ್ಡಾಯ ಎಂದೇ ತಿಳಿಯಿರಿ.

## ನಮ್ಮಲ್ಲಿ ಓಡುತ್ತದೆ, ಸಿಐ ಸರ್ವರ್‌ನಲ್ಲಿ (ಕೋಡ್ ಕಳಿಸಿದಾಗಲೆಲ್ಲ ತಾನಾಗಿ ಬಿಲ್ಡ್ ಮಾಡುವ ಸರ್ವರ್) ಓಡುವುದಿಲ್ಲ.

'ಗ್ರೇಡಲ್‌ರ‍್ಯಾಪರ್‌ಮೇನ್' ಕ್ಲಾಸ್ ಸಿಗಲಿಲ್ಲ ಎಂದರೆ ಗಿಟ್‌ಇಗ್ನೋರ್‌ನಲ್ಲಿ ಎಲ್ಲ ಜಾರ್‌ಗಳನ್ನೂ ಬಿಟ್ಟಿದ್ದೀರಿ, ರ‍್ಯಾಪರ್ ಜಾರ್‌ಗೆ ವಿನಾಯಿತಿ ಬರೆಯಿರಿ. 'ಪರ್ಮಿಷನ್ ಡಿನೈಡ್' ಎಂದರೆ ವಿಂಡೋಸ್‌ನಿಂದ ಕಮಿಟ್ ಆದ ಸ್ಕ್ರಿಪ್ಟ್‌ಗೆ ಓಡುವ ಅನುಮತಿಯಿಲ್ಲ. ಗಿಟ್‌ನ ಅಪ್‌ಡೇಟ್-ಇಂಡೆಕ್ಸ್ ಆಜ್ಞೆಯಲ್ಲಿ ಸಿಎಚ್‌ಮೋಡ್ ಆಯ್ಕೆಗೆ ಪ್ಲಸ್ ಎಕ್ಸ್ ಕೊಟ್ಟು ಕಮಿಟ್ ಮಾಡಿ. 'ಬ್ಯಾಡ್ ಇಂಟರ್‌ಪ್ರಿಟರ್' ಎಂದರೆ ಸ್ಕ್ರಿಪ್ಟ್‌ನ ಸಾಲುಗಳ ತುದಿ ವಿಂಡೋಸ್ ರೀತಿಗೆ ತಿರುಗಿದೆ. ಗಿಟ್‌ಆಟ್ರಿಬ್ಯೂಟ್ಸ್‌ನಲ್ಲಿ ಗ್ರೇಡಲ್‌ಡಬ್ಲ್ಯೂಗೆ ಎಲ್‌ಎಫ್ ಎಂದು ನಿಗದಿಮಾಡಿ. ಇವು ಮೂರೂ ಅಲ್ಲವಾದರೆ ಸರ್ವರ್‌ನ ಜೆಡಿಕೆ ನೋಡಿ.

## ಏರಿಸಲಾಗದ ಹಳೆಯ ಪ್ರಾಜೆಕ್ಟ್ ಇದೆ. ಒಂದು ಸಲ ಬಿಲ್ಡ್ ಆದರೆ ಸಾಕು.

ಹಾಗಿದ್ದರೆ ಪ್ರಾಜೆಕ್ಟನ್ನು ಮುಟ್ಟಬೇಡಿ, ಅದರ ಕಾಲದ ಜೆಡಿಕೆಯನ್ನು ಪಕ್ಕದಲ್ಲಿ ಹಾಕಿಕೊಳ್ಳಿ. ಹಲವು ಜೆಡಿಕೆಗಳನ್ನು ಒಟ್ಟಿಗೆ ನಿಭಾಯಿಸುವ ಎಸ್‌ಡಿಕೆಮ್ಯಾನ್ ಬಳಸಿ ಜಾವಾ 8 ಮತ್ತು 17 ಎರಡನ್ನೂ ಇಟ್ಟು, ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಡಾಟ್ ಎಸ್‌ಡಿಕೆಮ್ಯಾನ್‌ಆರ್‌ಸಿ ಫೈಲ್‌ನಲ್ಲಿ 8ರ ಹೆಸರು ಬರೆಯಿರಿ. ಎಸ್‌ಡಿಕೆ ಎನ್ವ್ ಎಂದರೆ ಆ ಟರ್ಮಿನಲ್‌ಗೆ ಮಾತ್ರ 8 ಬರುತ್ತದೆ. ಎಂ ಸರಣಿಯ ಚಿಪ್ ಇರುವ ಮ್ಯಾಕ್‌ನಲ್ಲಿ ಟೆಮುರಿನ್ ಜಾವಾ 8 ಆ ಚಿಪ್‌ಗೆ ಸಿಗುವುದಿಲ್ಲ, ಅಜೂಲ್‌ನ ಜುಲು 8 ಸಿಗುತ್ತದೆ.

ಆದರೂ ಲೈಬ್ರರಿ ಸಿಗುತ್ತಿಲ್ಲ ಎಂದು ನಿಂತರೆ ರೆಪಾಸಿಟರಿಗಳ ಪಟ್ಟಿ ನೋಡಿ. ಅಲ್ಲಿ ಜೆಸೆಂಟರ್ ಎಂಬ ಹಳೆಯ ಲೈಬ್ರರಿ ಸಂಗ್ರಹ ಇದ್ದೇ ಇರುತ್ತದೆ. ಅದನ್ನು ಮುಚ್ಚುವುದಾಗಿ ಜೆಫ್ರಾಗ್ 2021ರಲ್ಲಿ ಘೋಷಿಸಿತು, ಈಗ ಆ ವಿಳಾಸಕ್ಕೆ ಹೋದ ಕೋರಿಕೆಗಳು ಮೇವನ್ ಸೆಂಟ್ರಲ್‌ಗೆ ತಿರುಗುತ್ತವೆ. ಪಟ್ಟಿಯಲ್ಲಿ ಗೂಗಲ್ ಮತ್ತು ಮೇವನ್ ಸೆಂಟ್ರಲ್ ಎರಡನ್ನೂ ಬರೆಯಿರಿ. ಜೆಸೆಂಟರ್‌ನಲ್ಲಿ ಮಾತ್ರ ಇದ್ದ ಲೈಬ್ರರಿಯಾದರೆ, ಹಿಂದೆ ಆ ಪ್ರಾಜೆಕ್ಟ್ ಬಿಲ್ಡ್ ಮಾಡಿದ ಯಂತ್ರದ ಡಾಟ್ ಗ್ರೇಡಲ್, ಕ್ಯಾಷಸ್, ಮಾಡ್ಯೂಲ್ಸ್-2 ಫೋಲ್ಡರ್‌ನಲ್ಲಿ ಅದರ ಜಾರ್ ಅಥವಾ ಎಎಆರ್ ಹುಡುಕಿ. ಗ್ರೇಡಲ್ ಬಳಕೆಯಲ್ಲಿರುವ ಯಂತ್ರದಲ್ಲಿ 30 ದಿನ ಮುಟ್ಟದ ಡೌನ್‌ಲೋಡ್‌ಗಳನ್ನು ಅದು ತಾನಾಗಿ ಅಳಿಸುತ್ತದೆ, ಆದ್ದರಿಂದ ಬಳಸದೆ ಬಿಟ್ಟ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಸಿಕ್ಕಿದರೆ ಅಲ್ಲಿ ಗ್ರೇಡಲ್ ಓಡಿಸುವ ಮೊದಲೇ ನಕಲು ಮಾಡಿಕೊಂಡು, ಪ್ರಾಜೆಕ್ಟ್‌ನ ಲಿಬ್ಸ್ ಫೋಲ್ಡರ್‌ಗೆ ಹಾಕಿ ಫೈಲ್ಸ್ ಮೂಲಕ ಸೇರಿಸಿ.